ಹುಳದ ಮನೆಯ ಕಂಪ್ಯೂಟರ್

ಧನಗೆರೆ, ಕೊಳ್ಳೇಗಾಲ ತಾಲ್ಲೂಕು
೧೬-೧೧-೨೦೦೩, ಭಾನುವಾರ

ಪ್ರೀತಿಯ ಸೊಸೆ ಆಶಾರಾಣಿಗೆ,

ನಿನ್ನ ಮಾವ ಶಿವನಂಜಯ್ಯ ಹರಸಿ ಬರೆಯುವುದು. ಕೆಮ್ಮು ಹೇಗಿದೆ ತಾಯಿ? ಸತ್ತೇಗಾಲಕ್ಕೆ ಹೊಳೆ ಹತ್ತಿರ, ಬೆಳಗಿನ ಥಂಡಿ ನಮ್ಮಲ್ಲಿಗಿಂತ ಹೆಚ್ಚು; ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ನಿನ್ನ ಅವ್ವನ ಮಂಡಿನೋವು ಇಳಿಯಿತೆ? ಇಲ್ಲಿ ನಿನ್ನ ಅತ್ತೆ ಪುಟ್ಟಮಾದಮ್ಮ ಚೆನ್ನಾಗಿದ್ದಾಳೆ, ಆದರೆ ನನ್ನೊಡನೆ ಮಾತು ಕಡಿಮೆ. ಸಾರಿಗೆ ಉಪ್ಪು ಸಾಲದು ಅಂದರೆ ಉಪ್ಪಿನ ಜಾಡಿಯನ್ನೇ ತಂದು ಮುಂದೆ ಕುಕ್ಕುತ್ತಾಳೆ. ನಿನ್ನ ಗಂಡ ಸ್ವಾಮಿಯದೂ ಅದೇ ಕಥೆ. ಇವತ್ತು ಭಾನುವಾರವಲ್ಲವೆ, ಸ್ವಾಮಿ ನಿನ್ನನ್ನು ನೋಡಲು ಹೊರಟಿದ್ದಾನೆ. ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ವಿಷಯಕ್ಕೆ ಬರಬೇಕು, ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಮಾವನಾದವನು ಸೊಸೆಗೆ ಬರೆಯುವ ಮಾತಲ್ಲ ಇದು. ಆದರೆ ಎದುರಿಗೇ ಅಂದವನು ನಾನು, ಅದೂ ಹಾಲಿನ ಸೊಸೈಟಿಯ ಗುರುಸಿದ್ದಯ್ಯನ ಮುಂದೆ. ಅಂದ ಮೇಲೆ ಬರೆಯಲು ನಾಚಿಕೆಪಟ್ಟರೆ ಯಾವ ನ್ಯಾಯ? ನೀನು ತವರಿನಿಂದ ತಂದ ಕಂಪ್ಯೂಟರನ್ನು ಹುಳದ ಮನೆಯಲ್ಲಿ ಇಡಿಸಿದವನೂ ನಾನೇ. ಆ ಕೋಣೆಯಲ್ಲಿ ರೇಷ್ಮೆ ಸಾಕುತ್ತಿದ್ದ ಕಾಲದಿಂದಲೂ ಹೊರಗಾದ ಹೆಂಗಸರು ಮೂರು ದಿನ ಅಲ್ಲಿ ಕಾಲಿಡುವ ಹಾಗಿರಲಿಲ್ಲ, ಹುಳ ಕೆಡುತ್ತವೆ ಅಂತ. ಹುಳ ಬಿಟ್ಟು ಆರು ವರ್ಷವಾಯಿತು. ತಟ್ಟೆಗಳು ಅಟ್ಟ ಸೇರಿದವು, ಕಟ್ಟಳೆ ಮಾತ್ರ ಕೋಣೆಯಲ್ಲೇ ಉಳಿಯಿತು.

ಕಂಪ್ಯೂಟರ್ ನಡುನಡುವೆ ಕಲ್ಲಾಗಿ ನಿಲ್ಲತೊಡಗಿದಾಗ ನಾನು ಮಾಡದ ಉಪಾಯವಿಲ್ಲ, ನಿನಗೇ ಗೊತ್ತು. ಪ್ಲಗ್ ಬದಲಿಸಿದೆ, ಸ್ಟೆಬಿಲೈಸರ್ ತಂದೆ, ಗಾಳಿಯಾಡಲಿ ಅಂತ ಹೊದಿಕೆ ತೆಗೆದೆ, ಕೊನೆಗೆ ನಿಂಬೆಹಣ್ಣನ್ನೂ ಕಟ್ಟಿದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಹಳೆಯ ಹಾಜರಿ ಪುಸ್ತಕ ತೆಗೆದು, ಅದು ನಿಂತ ತಾರೀಕು, ಗಂಟೆ, ಮನೆಯಲ್ಲಿ ಯಾರ್‍ಯಾರು ಇದ್ದರು ಎಲ್ಲ ಬರೆದೆ. ಒಂಬತ್ತು ಸಲ ನಿಂತಿತ್ತು. ಒಂಬತ್ತೂ ನಿನ್ನ ಆ ದಿನಗಳೇ. ಲೆಕ್ಕ ಸಿಕ್ಕಿತು ಅಂತ ಹಿಗ್ಗಿದೆ, ತಾಯಿ. ಗುರುಸಿದ್ದಯ್ಯ ಸೊಸೈಟಿಯ ಪಟ್ಟಿ ಕೇಳಲು ಬಂದಾಗ ಮಷೀನು ನಿಂತಿತ್ತು. ನೀನು ಜಗಲಿಯಲ್ಲಿ ಕೂತಿದ್ದೆ. 'ಮಾವ, ನಾನು ಒಳಕ್ಕೇ ಬಂದಿಲ್ಲ ಕಣಿ' ಅಂದೆ. 'ಬಾಗ್ಲಲ್ಲಿ ಬಂದು ನಿಂತಿದ್ಯಲ್ಲ, ಅಷ್ಟು ಸಾಲ್ದಾ' ಅಂದೆ ನಾನು. ನೀನು ತಲೆ ತಗ್ಗಿಸಿದೆ. ಮಾರನೆಯ ದಿನ ಚೀಲ ತೆಗೆದುಕೊಂಡು ತವರಿಗೆ ಹೋದೆ.

ಹೋದ ಸೋಮವಾರ ಕೊಳ್ಳೇಗಾಲದಿಂದ ಕಂಪ್ಯೂಟರ್ ರಿಪೇರಿಯ ರಂಗನಾಯಕನನ್ನು ಕರೆಸಿದೆ. ಅವನು ಮುಂದೆ ಕೂತು ಕೆಲಸ ಮಾಡಿದಷ್ಟು ಹೊತ್ತೂ ಅದು ಚೆನ್ನಾಗಿಯೇ ಇತ್ತು. ಆಮೇಲೆ ಏನೂ ಮಾಡದೆ ಜಗಲಿಗೆ ಬಂದು ಕಾಫಿ ಕುಡಿದ. ಹೋಗಿ ನೋಡಿದರೆ ನಿಂತಿದೆ. 'ಸಾ, ಇಪ್ಪತ್ ನಿಮ್ಸ ಯಾರೂ ಕೈ ಇಕ್ನಿಲ್ಲ ಅಂದ್ರ ಇದು ಮನಿಕತದ. ಮನಿಕಂಡ್ರ ಏಳಕ್ಕ ಬರಲ್ಲ, ಅಷ್ಟೆಯ' ಅಂದ. ಪರದೆಯಲ್ಲೇ ಒಳಗೆಲ್ಲೋ ಹೋಗಿ, ಮಲಗಲೇಬೇಡ ಅನ್ನುವ ಹಾಗೆ ಒಂದು ಗುರುತು ಬದಲಿಸಿದ. ಐದು ನಿಮಿಷದ ಕೆಲಸ. ಆರು ದಿನದಿಂದ ಒಮ್ಮೆಯೂ ನಿಂತಿಲ್ಲ.

ಅವನು ಹೋದ ಮೇಲೆ ಪುಸ್ತಕ ಬಿಚ್ಚಿ ಕೂತೆ. ಮಿಕ್ಕ ದಿನಗಳಲ್ಲಿ ನೀನು ಬೆಳಗಿನಿಂದ ಅದರ ಮುಂದೆ ಕೂತು ಊರವರ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಅದಕ್ಕೆ ಮಲಗಲು ಪುರುಸೊತ್ತೇ ಇರಲಿಲ್ಲ. ನಿನ್ನನ್ನು ಹೊರಗೆ ಕೂರಿಸಿದ ದಿನಗಳಲ್ಲಿ ನಾನು ಹೋಗಿ ಸ್ವಿಚ್ ಹಾಕಿ, ಊದುಬತ್ತಿ ಬೆಳಗಿ, ನಾಲ್ಕಕ್ಷರ ಕುಟ್ಟಿ, ಬೇಜಾರಾಗಿ ಎದ್ದು ಹೋಗುತ್ತಿದ್ದೆ. ನಿನ್ನ ಕೈ ತಾಗಿ ಅಲ್ಲ, ನಿನ್ನ ಕೈ ಇಲ್ಲದೆ ಅದು ನಿಲ್ಲುತ್ತಿತ್ತು. ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನಾನು ನೆಲವನ್ನೂ ಬಿಟ್ಟು ಮನೆಯ ಹೆಣ್ಣುಮಗಳನ್ನು ಅಂದೆ. ನನಗೆ ತುಂಬ ನಾಚಿಕೆಯಾಗಿದೆ, ಆಶಾ. ನಿನಗೆ ಈ ಮನೆಗೆ ಬರಲು ಮನಸ್ಸಿಲ್ಲದಿದ್ದರೆ ಹೇಳಿ ಕಳಿಸು, ಮಷೀನನ್ನು ಗಾಡಿಯಲ್ಲಿ ಸತ್ತೇಗಾಲಕ್ಕೇ ಮುಟ್ಟಿಸುತ್ತೇನೆ. ನಿನ್ನ ಕೆಲಸ ನಿಲ್ಲಬಾರದು.

ನಿನ್ನ ಅಪ್ಪ ಅವ್ವನಿಗೆ ನನ್ನ ನಮಸ್ಕಾರ ಹೇಳು. ಅವರು ತಿರುಗಿ ಹೇಳದಿದ್ದರೂ ನನಗೆ ಬೇಸರವಿಲ್ಲ. ನೂರು ವರ್ಷ ಸುಖವಾಗಿ ಬಾಳು.

ಇಂತು ನಿನ್ನ ಮಾವ,
ಶಿವನಂಜಯ್ಯ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಸ್ವಾಮಿ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಗೌರಿ ಹಬ್ಬಕ್ಕೆ ನೀವಿಬ್ಬರೂ ಸತ್ತೇಗಾಲಕ್ಕೆ ಹೋಗಿದ್ದಿರಿ, ನಿನ್ನ ಅತ್ತೆ ಯಳಂದೂರಿಗೆ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಅವತ್ತೂ ಅದು ನಿಂತಿತು, ಎರಡು ಸಲ. ಬರೆದರೆ ನನ್ನ ಹೆಸರೊಂದೇ ಬರೆಯಬೇಕಾಗಿತ್ತು, ಬರೆಯಲಿಲ್ಲ. ಮೂವತ್ತೊಂದು ವರ್ಷ ಶಾಲೆಯಲ್ಲಿ ಒಂದು ಸುಳ್ಳು ಹಾಜರಿ ಹಾಕದವನು ನಾನು. ಗುರುಸಿದ್ದಯ್ಯನ ಮುಂದೆ ನಿನ್ನನ್ನು ಅಂದ ದಿನ ನನಗೆ ಅದು ನೆನಪಿತ್ತು, ತಾಯಿ. ನೆನಪಿದ್ದೂ ಅಂದೆ. ನಿನ್ನೆ ಆ ಸಾಲನ್ನು ಕೆಂಪು ಶಾಯಿಯಲ್ಲಿ ಸೇರಿಸಿ, ಗುರುಸಿದ್ದಯ್ಯನನ್ನು ಮನೆಗೆ ಕರೆದು, ನಿನ್ನ ಅತ್ತೆಯ ಎದುರಿಗೇ ಓದಿದೆ. ಪುಸ್ತಕ ಸ್ವಾಮಿಯ ಚೀಲದಲ್ಲಿದೆ, ನೀನೂ ಓದು. ಬರುವ ಮನಸ್ಸಾದರೆ ದಿನ ಎಣಿಸಬೇಡ. ಯಾವ ದಿನವಾದರೂ ಸರಿ, ನೆಟ್ಟಗೆ ಹುಳದ ಮನೆಗೇ ಬಾ.