ಅಣ್ಣ ತೊಳೆದಿಟ್ಟ ತಟ್ಟೆ

ಮಾರ್ಚ್ ೧೨, ಗುರುವಾರ.

ನಮ್ಮ ಕಾರ್ಮಿಕ ಸಂಘ ಕಟ್ಟಿದ ಅಣ್ಣ, ಮಂತ್ರಿಯಾದ ಮೇಲೂ ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಇವತ್ತು ಮಧ್ಯಾಹ್ನ ನಮ್ಮಲ್ಲಿ ಉಂಡಾಗಲೂ ತೊಳೆದಿಟ್ಟ. ಬೆಳಿಗ್ಗೆಯಷ್ಟೇ, ಆಸ್ಪತ್ರೆಯಲ್ಲಿ ಕಸ ಗುಡಿಸುವ ನಲವತ್ತು ಹೆಂಗಸರನ್ನು ಗುತ್ತಿಗೆದಾರನಿಗೆ ಒಪ್ಪಿಸುವ ಆದೇಶಕ್ಕೆ ಸಹಿ ಹಾಕಿ ಬಂದಿದ್ದ. ಆ ನಲವತ್ತರಲ್ಲಿ ನಾನೂ ಒಬ್ಬಳು.

"ಗುತ್ತಿಗೆ ಅಂದ್ರೆ ಗುಲಾಮಗಿರಿ ಅಂತ ನಮಗೆ ಹೇಳಿಕೊಟ್ಟಿದ್ದು ನೀನೇ ಅಲ್ವೇನಣ್ಣ?" ಅಂದೆ.

"ಈಗಲೂ ಅದನ್ನೇ ಹೇಳ್ತೀನಿ ಕಣೇ. ನೀವು ಧರಣಿ ಕೂತ್ಕೊಳ್ಳಿ, ನಾನೂ ಬರ್ತೀನಿ," ಅಂದ. ತಮಾಷೆಗಲ್ಲ.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದು ಬಂದು ಹೊಲದ ಪರ ಘೋಷಣೆ ಕೂಗುವುದನ್ನು ಕೇಳಿರಲಿಲ್ಲ.

ಬಂದೇ ಬರುತ್ತಾನೆ. ನಮ್ಮ ಜೊತೆ ನೆಲದ ಮೇಲೇ ಕೂರುತ್ತಾನೆ. ಅವನು ಮಾತು ಶುರು ಮಾಡಿದರೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವವಳು ನಾನೇ.