ಎಡಗೈಯ ಮರ್ಯಾದೆ

ಗಜೇಂದ್ರಗಡ
ಇಸವಿ 2251, ಎರಡನೇ ಮುಂಗಾರಿನ ಮೂರನೇ ವಾರ

ರಾಷ್ಟ್ರಪತಿ ದೇವಕ್ಕ ಗಾಣಿಗೇರ ಅವರಿಗೆ,

ಮೇಲಿನ ತೇದಿ ನೋಡಿ, ಯಾರೋ ತಲೆಕೆಟ್ಟವರು ಬರೆದಿದ್ದಾರೆಂದು ಕಾಗದ ಬದಿಗಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಮುಂಗಾರು ಬರುತ್ತವೆ. ಹಿನ್ನಂಚೆಯೂ ಇದೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನನ್ನ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವನು ಬದುಕಿದ್ದಾಗಲೇ ಹೇಳಿ ಮುಗಿಸಿದ್ದೇನೆ, ಒಂದೆರಡು ಮಾತು ಹೆಚ್ಚೇ ಆಡಿದ್ದೇನೆ. ಹಾಗಾಗಿ ನನ್ನ ಪಾಲಿನ ಕಾಗದ ನಿಮಗೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ತಲುಪುವಾಗ ನಿಮಗೆ ಅರವತ್ತು, ನನಗೆ ಎಪ್ಪತ್ತೆರಡು. ಆದರೂ ನಿಮ್ಮನ್ನು ಯವ್ವಾ ಎಂದೇ ಕರೆಯುತ್ತೇನೆ.

ಯವ್ವಾ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕೆಂಬ ನಿಮ್ಮ ಕಾಯಿದೆ ಇನ್ನೂ ಬದುಕಿದೆ. ಸರ್ಕಾರದ ಯಾವ ಜಾಗದಲ್ಲೂ ದೊಡ್ಡವರಿಗೆ ಬೇರೆ ಬಾಗಿಲು ಇರಕೂಡದು, ಆಸ್ಪತ್ರೆಯಲ್ಲಿ ಯಾರ ಜೀವಕ್ಕೆ ಹೆಚ್ಚು ಅಪಾಯವೋ ಅವರೇ ಮೊದಲು ಎಂದು, ಗಾಣದ ಮನೆಯ ಮಗಳಾದ ನೀವು ದೆಹಲಿಯಲ್ಲಿ ಕೂತು ಹಟ ಹಿಡಿದು ಮಾಡಿಸಿದ ಕಾಯಿದೆ. ನಮ್ಮೂರಿನ ಬೀದಿಗಳಿಗೆಲ್ಲ ಬಳ್ಳಿಯ ಚಪ್ಪರ ಹಬ್ಬಿಸಿದ್ದೇವೆ. ನೆರಳುಬೀದಿ ಎನ್ನುತ್ತೇವೆ, ಅದಿಲ್ಲದೆ ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದು. ಅದರಡಿ ಬೆಳಗ್ಗೆ ನೀರಿನ ಸಾಲು ನಿಲ್ಲುತ್ತದೆ. ಮಂತ್ರಿಯ ಹೆಂಡತಿ ಬದನೆಕಾಯಿ ಮಾರುವವಳ ಹಿಂದೆ ಕೊಡ ಹಿಡಿದು ನಿಂತು ತನ್ನ ಸೊಸೆಯ ಮೇಲೆ ಚಾಡಿ ಹೇಳುತ್ತಾಳೆ, ಬದನೆಕಾಯಿಯವಳು ತನ್ನ ಸೊಸೆಯ ಮೇಲೆ ಹೇಳುತ್ತಾಳೆ. ನೀರು ಸಿಗುವುದರೊಳಗೆ ಇಬ್ಬರ ಮನಸ್ಸೂ ಹಗುರಾಗಿರುತ್ತದೆ. ಹೋದ ತಿಂಗಳು ನನಗೆ ಎದೆನೋವು ಬಂದಾಗ, ಮಂಡಿನೋವಿಗೆ ಬಂದಿದ್ದ ಜಿಲ್ಲಾಧಿಕಾರಿಯನ್ನು ಕಾಯಿಸಿ ನನ್ನನ್ನು ಮೊದಲು ಒಳಗೆ ಕರೆದೊಯ್ದರು. ಆತ ತಾನೇ ಎದ್ದು ದಾರಿ ಬಿಟ್ಟ.

ಇನ್ನೊಂದು ಸಂಗತಿ ಕೇಳಿದರೆ ನಗುತ್ತೀರಿ. ನಿಮ್ಮ ಕಾಲದಲ್ಲಿ ಎಡಗೈಯಲ್ಲಿ ಏನಾದರೂ ಕೊಟ್ಟರೆ ಹಿರಿಯರು ಬೆನ್ನಿಗೆ ಗುದ್ದುತ್ತಿದ್ದರಂತೆ. ಈಗ ಮದುವೆಯ ಮುಯ್ಯಿ, ಗುಡಿಯ ಪ್ರಸಾದ, ದರ್ಗಾದ ಸಕ್ಕರೆ ಎಲ್ಲವೂ ಎಡಗೈಯಲ್ಲೇ. ಮರೆತು ಬಲಗೈ ಚಾಚಿದ ಮಕ್ಕಳನ್ನು "ಎಡಗೈಗೇನ ಬ್ಯಾನಿ ಬಂದೈತೇನ?" ಎಂದು ಗದರಿಸುತ್ತಾರೆ. ಒಂದು ಶಾಸ್ತ್ರ ಬಿಡಿಸಿದರೆ ಇನ್ನೊಂದನ್ನು ಕಟ್ಟಿಕೊಳ್ಳುವ ಜನ ನಾವು. ಇದೆಲ್ಲ ನಿಮ್ಮ ಮರ್ಯಾದೆಗೆ. ಯಾಕೆಂದು ನಿಮಗೆ ತಿಳಿಯದು, ಅದಿನ್ನೂ ನಿಮ್ಮ ಪಾಲಿಗೆ ನಡೆದಿಲ್ಲ. ಮುಂದಿನದನ್ನು ಕೂತುಕೊಂಡು ಓದಿ.

ಬರುವ ಎಳ್ಳ ಅಮಾವಾಸ್ಯೆಗೆ ನೀವು ಊರಿಗೆ ಬರುತ್ತೀರಿ. ರೋಣದ ದಾರಿಯಲ್ಲಿ ನಿಮ್ಮ ಕಾರು ಉರುಳಿ ಬಲಗೈ ಜಜ್ಜಿಹೋಗುತ್ತದೆ. ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ನಿಮ್ಮನ್ನು ತರುತ್ತಾರೆ. ಅಲ್ಲಿ ಆಪರೇಷನ್ ಮಾಡಬಲ್ಲ ಡಾಕ್ಟರು ಒಬ್ಬರೇ. ಅದೇ ಹೊತ್ತಿಗೆ ನನ್ನ ಮುತ್ತಜ್ಜಿ ಹುಸೇನಬಿ, ಹೆರಿಗೆಯಾಗದೆ, ರಕ್ತ ನಿಲ್ಲದೆ ಅಲ್ಲಿ ಮಲಗಿರುತ್ತಾಳೆ. ನಿಮ್ಮ ಕಾವಲಿನವರು ಅವಳ ಮಂಚವನ್ನು ಬದಿಗೆ ತಳ್ಳುತ್ತಾರೆ. ಆಗ ನೀವು ಆಡಿದ ಮಾತನ್ನು ನಮ್ಮ ಮನೆಯ ಮಕ್ಕಳೆಲ್ಲ ಬಲ್ಲರು: "ಅಲ್ಲಿ ಎರಡು ಜೀವ ಅದಾವ, ಇಲ್ಲಿ ಬರೇ ಒಂದ ಕೈ ಐತಿ. ಆಕಿನ್ನ ಮದಲ ಒಳಗ ಕರ್ಕೊಳ್ರಿ." ಹುಸೇನಬಿ ಉಳಿದಳು. ಮಗುವೂ ಉಳಿಯಿತು, ಅದೇ ನನ್ನ ಅಜ್ಜ. ನಿಮ್ಮ ಕೈ ಉಳಿಯಲಿಲ್ಲ.

ರಾಷ್ಟ್ರಪತಿಗೇ ಕಷ್ಟ ಬಂದಾಗ ಈ ಕಾಯಿದೆ ಎಲ್ಲಿರುತ್ತದೋ ನೋಡೋಣ ಎಂದು ಆಡಿಕೊಳ್ಳುತ್ತಿದ್ದವರ ಬಾಯಿ ಅಂದಿಗೆ ಮುಚ್ಚಿತು, ಕಾಯಿದೆ ಬೇರುಬಿಟ್ಟಿತು. ನೀವು ಎಡಗೈಯಲ್ಲಿ ರುಜು ಹಾಕಲು ಕಲಿತಿರಿ. ಆದರೆ ಮತ್ತೆಂದೂ ರೊಟ್ಟಿ ಬಡಿಯಲಾಗಲಿಲ್ಲ. ರಾಷ್ಟ್ರಪತಿ ಭವನದಲ್ಲೂ ದಿನಾ ನಿಮ್ಮ ರೊಟ್ಟಿಯನ್ನು ನೀವೇ ಬಡಿದುಕೊಳ್ಳುತ್ತಿದ್ದವರು, ಬೇರೆಯವರು ಬಡಿದು ತಂದದ್ದನ್ನು ಸರಿಸಿ ಅತ್ತಿರಂತೆ. ಇದು ಪಠ್ಯಪುಸ್ತಕದಲ್ಲಿಲ್ಲ. ಮಗುವನ್ನು ತೋರಿಸಲು ಬಂದ ಹುಸೇನಬಿ ಕಣ್ಣಾರೆ ಕಂಡದ್ದು.

ಈ ಕಾಗದ ಕಳಿಸಬೇಡ ಎನ್ನುತ್ತಾನೆ ನನ್ನ ಮಗ ಇಮಾಮ. "ಅವರ ಕೈ ಉಳಿದ್ರ ಕಾಯಿದೆ ಉಳಿತೈತೇನಬೇ? ಇದ್ದ ಮನಿಗೆ ಯಾಕ ಬೆಂಕಿ ಹಚ್ಚತಿ?" ಅವನ ಮಾತಿನಲ್ಲಿ ಹುರುಳಿದೆ. ನೀವು ಅತ್ತ ಬಾರದಿದ್ದರೂ ಹುಸೇನಬಿಗೆ ಡಾಕ್ಟರು ಸಿಗುತ್ತಾರೆ, ನನ್ನ ಹುಟ್ಟಿಗೆ ಧಕ್ಕೆಯಿಲ್ಲ. ಆದರೆ ಕಾಯಿದೆಯನ್ನು ಜನ ಮೂಲೆಗೆಸೆದಿದ್ದರೆ ಹೋದ ತಿಂಗಳು ನಾನು ಆಸ್ಪತ್ರೆಯ ಹೊರಗೇ ಸತ್ತಿರುತ್ತಿದ್ದೆನೇನೋ. ಹೆದರಿಕೆ ನನಗೂ ಇದೆ, ಸುಳ್ಳೇಕೆ ಹೇಳಲಿ.

ಆದರೂ ಮನಸ್ಸು ಒಪ್ಪುವುದಿಲ್ಲ. ಆ ಕೈಯ ಪುಣ್ಯವನ್ನು ಇಷ್ಟು ತಲೆಮಾರು ಉಂಡೆವು, ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ, ನನ್ನ ಅನುಕೂಲಕ್ಕೆ ನಿಮ್ಮನ್ನು ಆ ದಾರಿಗೆ ಕಳಿಸಿದವಳು ನಾನೇ ಆಗುತ್ತೇನೆ. ಅದು ಉಪಕಾರ ನೆನೆಯುವ ರೀತಿಯಲ್ಲ. ಕಾಯಿದೆ ಕುಸಿದರೆ ಮತ್ತೆ ಕಟ್ಟುತ್ತೇವೆ, ಎರಡು ಕೈ ಇದ್ದವರು ಬೇಕಾದಷ್ಟು ಜನರಿದ್ದೇವೆ.

ಎಳ್ಳ ಅಮಾವಾಸ್ಯೆಯಂದು ರೋಣದ ದಾರಿ ಹಿಡಿಯಬೇಡಿ, ಯವ್ವಾ. ರೈಲಿಗೆ ಬನ್ನಿ.

ಹುಸೇನಬಿಯ ಮರಿಮಗಳು,
ಶಮಾ ನದಾಫ