ಕುಸುರೆಳ್ಳಿನ ಮೊದಲ ಪೊಟ್ಟಣ

ನಾಸಿಕ್ ರೋಡ್, ಜನವರಿ ೧೪, ಮಂಗಳವಾರ

ಗುತ್ತಿಗೆದಾರ ದೀಪಾವಳಿಗೆ ಬೋನಸ್ ಅಂದಿದ್ದ, ಕೊಡಲಿಲ್ಲ. ಸಂಕ್ರಾಂತಿಗೆ ಮಿಠಾಯಿ ಡಬ್ಬಿ ಅಂದಿದ್ದ, ಅದನ್ನೂ ನುಂಗಿದ. ನುಂಗಲಿ. ಎಳ್ಳು, ಸಕ್ಕರೆ ತಂದು ನಮ್ಮ ಕೂಲಿ ಶೆಡ್ಡಿನ ಹೆಂಗಸರೇ ಹಂಚಲು ಕುಸುರೆಳ್ಳು ಮಾಡಿದೆವು.

ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಚಿಮುಕಿಸಿ ಬೆರಳಾಡಿಸುತ್ತಿದ್ದರೆ ಕಲಬುರಗಿಯಲ್ಲಿ ಅವ್ವನ ಪಕ್ಕವೇ ಕೂತ ಹಾಗಿತ್ತು. ಸಕ್ಕರೆಯ ಮುಳ್ಳು ಮೂಡುವವರೆಗೆ ಅವಳು ಏಳುತ್ತಿರಲಿಲ್ಲ. ಮೊದಲ ಪೊಟ್ಟಣ ತಾನು ಮುನಿಸಿಕೊಂಡವರಿಗೇ ಕೊಡುತ್ತಿದ್ದಳು.

ನನ್ನ ಮುನಿಸು ಈರಮ್ಮನ ಮೇಲೆ. ಬೋನಸ್ಸಿಗಾಗಿ ನಮ್ಮ ಸಂಘ ಮುಷ್ಕರ ಹೂಡಿದ ದಿನ ಕೆಲಸಕ್ಕೆ ಹೋದವಳು. ಅವಳು ಬಾರದೆ ಅವಳ ಓಣಿಯವರು ಸಂಘದ ಮುಂದಿನ ಸಭೆಗೆ ಬರುವುದಿಲ್ಲ. ಸಂಜೆ ಪೊಟ್ಟಣ ಹಿಡಿದು ಹೋದೆ.

"ಸಿಹಿ ತಿನಿಸಿ ಸಂಘಕ್ಕ ಎಳಿತೀರೇನ್ರೀ ಅಕ್ಕಾ?"

"ಹೂಂ ಮತ್ತ. ಬೈಯೂದು ಬಾಕಿ ಐತಿ, ಮೊದಲ ತಿನ್ನು."

ಬಾಯಿಗೆ ಹಾಕಿಕೊಂಡಳು. "ನಮ್ಮವ್ವಂದೂ ಹಿಂಗ ಇರತಿತ್ತು."

ಬರುತ್ತೇನೆ ಅನ್ನಲಿಲ್ಲ. ಸಭೆ ಯಾವತ್ತು, ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿದಳು.

ಭಾನುವಾರ, ಸಂಜೆ ಐದಕ್ಕೆ.